ಸಹಾಯ ಬೇಕು: ಹಳೇ ಡೀಸೆಲ್ ಜೀಪು, ಇಂಜಿನ್ ಹೀಟ್ ಮತ್ತು ಮುಂದಿನ ಚಕ್ರದ ನಡುಕ

ಎಲ್ಲರಿಗೂ ನಮಸ್ಕಾರ. ಗಾಡಿ 1998ರ ಮಾಡೆಲ್, ನಾಲ್ಕೂ ಕಡೆ ಲೀಫ್ ಸ್ಪ್ರಿಂಗ್, ಪವರ್ ಸ್ಟೀರಿಂಗ್ ಇಲ್ಲ.

ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ಅರ್ಧ ಗಂಟೆ ನಿಂತರೂ ಹೀಟ್ ಮೀಟರಿನ ಮುಳ್ಳು ಅಲುಗುವುದಿಲ್ಲ. ತುಮಕೂರು ರಸ್ತೆಯಲ್ಲಿ 70 ದಾಟಿಸಿ ಹತ್ತು ನಿಮಿಷ ಓಡಿಸಿದರೆ ಕೆಂಪು ಗೆರೆಗೆ ಹೋಗುತ್ತದೆ. ಹಾಗಾಗಿ ಫ್ಯಾನ್ ಮೇಲೆ ಅನುಮಾನವಿಲ್ಲ, ನೀರಿನ ಹರಿವೇ ಸಾಲುತ್ತಿಲ್ಲ ಅನಿಸುತ್ತದೆ. ಥರ್ಮೋಸ್ಟಾಟನ್ನು (ಇಂಜಿನ್ ಬಿಸಿಯಾದಾಗ ತೆರೆದು ನೀರು ಬಿಡುವ ಕವಾಟ) ಬಿಸಿನೀರಿಗೆ ಹಾಕಿ ನೋಡಿದೆ, 82 ಡಿಗ್ರಿ ಹೊತ್ತಿಗೆ ತೆರೆಯುತ್ತದೆ. ರೇಡಿಯೇಟರ್ ಕ್ಯಾಪ್ ಹೊಸದು. ಇಂಜಿನ್ ರೇಸ್ ಮಾಡಿದಾಗ ರೇಡಿಯೇಟರ್ ಬಾಯಲ್ಲಿ ಗುಳ್ಳೆ ಏಳುವುದಿಲ್ಲ, ಆಯಿಲ್ ಹಾಲಿನಂತಾಗಿಲ್ಲ. ಹಾಗಾಗಿ ಹೆಡ್ ಗ್ಯಾಸ್ಕೆಟ್ (ಇಂಜಿನ್ ಬ್ಲಾಕ್ ಮತ್ತು ಹೆಡ್ ನಡುವಿನ ಸೀಲು) ಹೋಗಿರಲಿಕ್ಕಿಲ್ಲ. ಹಿಂದಿನ ಮಾಲೀಕರು ವರ್ಷಗಟ್ಟಲೆ ಬೋರ್‌ವೆಲ್ ನೀರನ್ನೇ ತುಂಬಿಸಿದ್ದಾರೆ (ನಮ್ಮೂರಿನ ಬೋರ್ ನೀರಿನ ಗಡಸು ಗೊತ್ತಲ್ಲ, ಬಕೆಟ್‌ಗೇ ಬಿಳಿ ಪದರ ಕಟ್ಟುತ್ತದೆ). ರೇಡಿಯೇಟರ್ ಕೊಳವೆಗಳಲ್ಲೂ ಅದೇ ಪದರ ಕಟ್ಟಿರಬಹುದು. ಅದರ ಟ್ಯಾಂಕ್ ಬಿಚ್ಚಿಸಿ ಕೊಳವೆಗಳಲ್ಲಿ ಕಡ್ಡಿ ಆಡಿಸಿದರೆ ಸಾಕೇ, ಹೊಸ ಕೋರ್ (ಕೊಳವೆಗಳಿರುವ ಭಾಗ) ಹಾಕಿಸಬೇಕೇ? ರೇಡಿಯೇಟರಿನ ಕೆಳಗಿನ ಹೋಸ್ ಒಳಗೆ ಸ್ಪ್ರಿಂಗ್ ಇಲ್ಲ. ಜೋರಾಗಿ ಓಡುವಾಗ ಅದು ಚಪ್ಪಟೆಯಾಗುತ್ತಿರಬಹುದೇ?

ಇನ್ನು ನಡುಕ. 55–60ರಲ್ಲಿ ಗುಂಡಿಗೆ ಬಿದ್ದರೆ ಸ್ಟೀರಿಂಗ್ ಕೈಯಲ್ಲಿ ನಿಲ್ಲುವುದಿಲ್ಲ, 30ಕ್ಕೆ ಇಳಿಸುವವರೆಗೂ ಬಿಡುವುದಿಲ್ಲ. ಬ್ಯಾಲೆನ್ಸಿಂಗ್ ಆಗಿದೆ, ಟೈರ್ ಹಿಂದೆಮುಂದೆ ಬದಲಾಯಿಸಿಯೂ ಆಗಿದೆ. ಟೈ ರಾಡ್ ಎಂಡ್ (ಸ್ಟೀರಿಂಗ್ ಸರಳಿನ ತುದಿಯ ಕೀಲು) ಹೊಸದು. ಚಕ್ರ ಎತ್ತಿ ಮೇಲೆ ಕೆಳಗೆ ಹಿಡಿದು ಅಲುಗಿಸಿದರೆ ಎಡಗಡೆ ಸ್ವಲ್ಪ ಆಟವಿದೆ. ಬ್ರೇಕ್ ಒತ್ತಿ ಹಿಡಿಸಿದರೂ ಹೋಗಲಿಲ್ಲ, ಅಂದರೆ ಹಬ್ ಬೇರಿಂಗ್ ಅಲ್ಲ, ಕಿಂಗ್‌ಪಿನ್ (ಚಕ್ರ ಎಡಬಲ ತಿರುಗಲು ಆಧಾರವಾದ ಪಿನ್). ಅದರ ಶಿಮ್ (ತೆಳು ತಗಡು) ತೆಗೆದು ಬಿಗಿ ಮಾಡಿದರೆ ಆಗುತ್ತದೆಯೇ, ಬೇರಿಂಗನ್ನೇ ಬದಲಿಸಬೇಕೇ? ಲೀಫ್ ಸ್ಪ್ರಿಂಗ್ ಪಟ್ಟಿಗಳು ಕುಸಿದಿರುವುದರಿಂದ ಕ್ಯಾಸ್ಟರ್ (ಕಿಂಗ್‌ಪಿನ್ ಹಿಂದಕ್ಕೆ ವಾಲಿರುವ ಕೋನ) ಕಡಿಮೆಯಾಗಿರಲೂಬಹುದು. ಅದನ್ನು ಸರಿಪಡಿಸಲು ಆಕ್ಸಲ್ ಕೆಳಗೆ ಕೊಡುವ ಓರೆ ಪ್ಲೇಟು ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಸಿಗುತ್ತದೆಯೇ, ಲೇತ್‌ನಲ್ಲಿ ಮಾಡಿಸಬೇಕೇ? ಸ್ಟೀರಿಂಗ್ ಡ್ಯಾಂಪರ್ (ನಡುಕ ತಗ್ಗಿಸುವ ಶಾಕ್ ಅಬ್ಸಾರ್ಬರ್) ಹಾಕಿ ಅಂತ ದಯವಿಟ್ಟು ಹೇಳಬೇಡಿ, ಅದು ರೋಗ ಮುಚ್ಚಿಡುತ್ತದೆ ಅಷ್ಟೇ.