ಅತ್ತೆಗೆ ಮರೆವಿನ ಕಾಯಿಲೆ, ರಾತ್ರಿ ಎದ್ದು ತೋಟಕ್ಕೆ ಹೊರಡ್ತಾರೆ, ನನ್ನ ಕೈಲಿ ಆಗ್ತಿಲ್ಲ

ಸಿದ್ದಾಪುರದ ಸೊಸೆ:
ಎಲ್ರಿಗೂ ನಮಸ್ಕಾರ. ಅತ್ತೆಗೆ 78. ಮೂರು ವರ್ಷದ ಹಿಂದೆ ಮೈಸೂರಲ್ಲಿ ಸ್ಕ್ಯಾನ್ ಎಲ್ಲ ಮಾಡಿ ಆಲ್ಝೈಮರ್ಸ್ ಅಂದ್ರು, ಮಾತ್ರೆ ನಡೀತಾ ಉಂಟು. ಒಲೆ ಮೇಲೆ ಹಾಲಿಟ್ಟು ಮರೆಯೋದು, ಹೆಸರು ಮರೆಯೋದು, ಅದೆಲ್ಲ ಹೇಗೋ ನಡ್ಕೊಂಡು ಹೋಗ್ತಿತ್ತು. ಈಗ ಹದಿನೈದು ದಿನದಿಂದ ರಾತ್ರಿ ನಿದ್ದೆನೇ ಇಲ್ಲ. ಎರಡು ಗಂಟೆಗೆ ಎದ್ದು ತಲೆಗೆ ವಸ್ತ್ರ ಕಟ್ಕೊಂಡು "ಆಳುಗಳು ಬಂದಾಯ್ತು, ಹಾಜರಿ ಹಾಕ್ಬೇಕು" ಅಂತ ಚಿಲಕ ತೆಗೀತಾರೆ. ಹಲಸು ಹಣ್ಣಾಗೋ ಸಮಯ, ಆನೆ ಅಂಗಳದ ತನಕ ಬರ್ತಾ ಉಂಟು, ಮಳೆಗೆ ಕರೆಂಟೂ ಇಲ್ಲ.

ಮೊನ್ನೆ ತಡ್ಕೊಳ್ಳೋಕಾಗ್ದೆ ಕೈ ಹಿಡಿದು ಎಳೆದುಬಿಟ್ಟೆ, ಬಾಯಿಗೆ ಬಂದಂಗೆ ಬೈದೆ ಕೂಡ. ಬೆಳಿಗ್ಗೆ ಅವರ ಮಣಿಕಟ್ಟಲ್ಲಿ ನನ್ನ ಬೆರಳಿನ ಗುರುತು ನೀಲಿಗಟ್ಟಿತ್ತು. ಅದನ್ನ ನನಗೇ ತೋರ್ಸಿ "ನೋಡು ಮಗಾ, ಎಲ್ಲಿ ತಾಗಿಸ್ಕೊಂಡೆನೋ" ಅಂದ್ರು. ಅವತ್ತಿಂದ ನನಗೆ ಅನ್ನ ಸೇರ್ತಿಲ್ಲ.

ಗಂಡ ಕೆಲ್ಸ ಮುಗಿಸಿ ಮಲಗಿದ್ರೆ ಎಚ್ಚರ ಇರಲ್ಲ. ನಾದಿನಿ ಬೆಂಗಳೂರಿಂದ ಫೋನ್ ಮಾಡಿದಾಗ ಅತ್ತೆ ಐದು ನಿಮಿಷ ಚೆನ್ನಾಗೇ ಮಾತಾಡ್ತಾರೆ, ಅದನ್ನ ಕೇಳಿ ಅವಳು "ಅವ್ವ ಸರಿಯಾಗೇ ಇದ್ದಾರಲ್ಲ ಅತ್ತಿಗೆ" ಅಂತಾಳೆ. ನನಗೀಗ ಬಿಪಿ ಬೇರೆ. ಮನೇಲಿ ಹೀಗೆ ನೋಡ್ಕೊಂಡವರು ಯಾರಾದ್ರೂ ಇದ್ರೆ ಹೇಳಿ, ಹೋಮ್ ನರ್ಸ್ ಇಟ್ರೆ ಒಳ್ಳೇದಾ?

ನಿವೃತ್ತ ಸ್ಟಾಫ್ ನರ್ಸ್:
ಅಕ್ಕ, ಹದಿನೈದು ದಿನದಿಂದ ಅಂದ್ರಲ್ಲ, ಅದನ್ನೇ ಮೊದ್ಲು ನೋಡ್ಬೇಕು. ಮರೆವಿನ ಕಾಯಿಲೆ ನಿಧಾನಕ್ಕೆ ಹೆಚ್ಚಾಗೋದು. ಹೀಗೆ ಒಮ್ಮೆಲೇ ಜೋರಾದ್ರೆ ಒಳಗೆ ಬೇರೆ ಏನೋ ಆಗಿರ್ಬಹುದು. ವಯಸ್ಸಾದವರಿಗೆ ಯೂರಿನ್ ಇನ್ಫೆಕ್ಷನ್ ಆದ್ರೆ ಜ್ವರ ಬರ್ದೇನೂ ಇರ್ಬಹುದು, ಬರೀ ಗಲಿಬಿಲಿ ಮಾತ್ರ ಕಾಣುತ್ತೆ. ಸೋಡಿಯಂ ಕಮ್ಮಿ ಆದ್ರೂ ಹಾಗೇ, ಮಲಬದ್ಧತೆ ಇದ್ರೂ ಹಾಗೇ. ಎರಡು ಮೂರು ದಿನದೊಳಗೆ ಯೂರಿನ್, ಬ್ಲಡ್ ಟೆಸ್ಟ್ ಮಾಡಿಸಿ, ಮಡಿಕೇರಿ ಜಿಲ್ಲಾ ಆಸ್ಪತ್ರೆಲೂ ಆಗುತ್ತೆ. ಎಲ್ಲಾದ್ರೂ ಬಿದ್ದು ತಲೆಗೆ ಪೆಟ್ಟಾಗಿದ್ರೆ, ಅಥವಾ ತುಂಬ ಮಂಪರು ಕಂಡ್ರೆ, ಕಾಯ್ಬೇಡಿ, ಅವತ್ತೇ ಹೋಗಿ. ಮಳೆಗಾಲ ಅಂತ ಶೀತದ ಮಾತ್ರೆ ಮೆಡಿಕಲ್‌ನಿಂದ ತಂದು ಕೊಡ್ತಿದ್ರೆ ನಿಲ್ಲಿಸಿ, ಮಂಪರು ಬರಿಸೋ ಅಂಥ ಮಾತ್ರೆಗಳು ಇವರ ತಲೆ ಇನ್ನೂ ಕೆಡಿಸ್ತವೆ. ಮರೆವಿಗೆ ಕೊಡೋ ಡೊನೆಪೆಝಿಲ್ ಮಾತ್ರೆ ರಾತ್ರಿ ಕೊಡ್ತಿದ್ರೆ ಕೆಲವರಿಗೆ ನಿದ್ದೆ ಹೋಗುತ್ತೆ, ಬೆಳಿಗ್ಗೆಗೆ ಹಾಕ್ಬಹುದಾ ಅಂತ ಡಾಕ್ಟರನ್ನ ಕೇಳಿ, ನೀವೇ ಬದಲಾಯಿಸ್ಬೇಡಿ.

ಕೈ ಎಳೆದದ್ದು: ಅದು ಮತ್ತೆ ಆಗ್ಬಾರ್ದು, ಅದು ನಿಮಗೇ ಗೊತ್ತಿರೋದ್ರಿಂದಲೇ ಬರೆದಿದ್ದೀರಿ. ಹದಿನೈದು ರಾತ್ರಿ ನಿದ್ದೆ ಇಲ್ದೋರ ಕೈ ಅದು. ಸಿಟ್ಟು ಬಂದಾಗ ಅವರಿಂದ ನಾಲ್ಕು ಹೆಜ್ಜೆ ದೂರ ನಿಂತು 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅಂತ ಮಾನಸಿಕ ಆರೋಗ್ಯದ ಸಹಾಯವಾಣಿ, ಸರ್ಕಾರದ್ದು, ಫ್ರೀ, ರಾತ್ರಿನೂ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡ್ಬಹುದು. ನೋಡ್ಕೊಳ್ಳೋರೂ ಮಾಡ್ಬಹುದು.

ನಾಪೋಕ್ಲು ಮಗ:
ಅಪ್ಪನ್ನ ಆರು ವರ್ಷ ನೋಡ್ಕೊಂಡೆ. ಹೋಮ್ ನರ್ಸ್ ವಿಷ್ಯ ನನಗೆ ಕಹಿ ಅನುಭವ. ಏಜೆನ್ಸಿಯವರು ಕಳಿಸಿದ ಹುಡುಗ ಒಳ್ಳೆಯವನೇ, ಆದ್ರೆ ಕೊಡವ ತಕ್ಕ್ ಒಂದಕ್ಷರ ಬರಲ್ಲ, ಅಪ್ಪನಿಗೋ ಕೊನೆಗೆ ಕನ್ನಡನೂ ಮರೆತುಹೋಗಿ ಅದೊಂದೇ ಉಳಿದಿತ್ತು. ನೀರು ಕೇಳಿದ್ರೆ ಅವನು ಚಾಪೆ ತರೋನು. ಆಮೇಲೆ ನಮ್ಮ ಲೈನ್‌ಮನೇಲೇ (ತೋಟದ ಆಳುಗಳ ಮನೆ) ಹುಟ್ಟಿ ಬೆಳೆದ ಒಬ್ಬ ಅಕ್ಕ ಮಧ್ಯಾಹ್ನ ನಾಲ್ಕು ಗಂಟೆ ಬಂದು ಕೂರ್ತಿದ್ರು, ಆ ನಾಲ್ಕು ಗಂಟೆ ನಾನು ಬರೀ ನಿದ್ದೆ ಮಾಡಿದೆ. ತರಬೇತಿಗಿಂತ ಭಾಷೆ ನೋಡಿ ಇಡಿ ಅಂತ ನಾನು ಹೇಳೋದು.

ಬಾಗಿಲಿಗೆ ಇನ್ನೊಂದು ಚಿಲಕ ಮೇಲ್ಗಡೆ ಹಾಕಿ, ಅವರ ಕಣ್ಣು ಅಲ್ಲಿಗೆ ಹೋಗಲ್ಲ. ಬಾಗಿಲಿಗೇ ಒಂದು ಸಣ್ಣ ಗಂಟೆ ಕಟ್ಟಿ, ಅಲ್ಲಾಡಿದ್ರೆ ನಿಮಗೆ ಕೇಳ್ಬೇಕು. ಹೊರಗಿಂದ ಬೀಗ ಹಾಕಿ ಒಬ್ರನ್ನೇ ಬಿಟ್ಟು ಹೋಗೋದು ಮಾತ್ರ ಬೇಡ. "ಆಳುಗಳಿಲ್ಲ, ಈಗ ಕೊಯ್ಲಲ್ಲ" ಅಂತ ವಾದ ಮಾಡ್ಬೇಡಿ, ನಾನು ಒಂದು ವರ್ಷ ವಾದ ಮಾಡಿ ಸೋತೆ. ಒಂದು ಹಳೇ ಹಾಜರಿ ಬುಕ್ ಕೈಗೆ ಕೊಡಿ, "ಇವತ್ತು ಯಾರ್ಯಾರು ಬಂದಿದ್ದಾರೆ ಹೇಳಿ, ಬರ್ಕೋತೀನಿ" ಅಂತ ಪಕ್ಕ ಕೂತ್ಕೊಳ್ಳಿ.

ಬ್ಯಾಂಕ್ ಕಾಗದ, ಜಂಟಿ ಖಾತೆ, ಇದನ್ನೆಲ್ಲ ಅವರಿಗೆ ತಿಳಿದು ಸೈನ್ ಹಾಕೋ ಶಕ್ತಿ ಇರೋವಾಗಲೇ ಮುಗಿಸಿ. ನಾವು ತಡ ಮಾಡಿ ತುಂಬಾ ಅಲೆದ್ವಿ.

ಗೋಣಿಕೊಪ್ಪ ಓದುಗಿ:
ನಾನು ಆ ನಾದಿನಿ ಜಾಗದಲ್ಲಿದ್ದವಳು. ಫೋನಲ್ಲಿ ಅಮ್ಮ ಚೆನ್ನಾಗಿದ್ರು, ನಾನೂ ಅಣ್ಣನ ಹೆಂಡ್ತಿ ದೊಡ್ಡದು ಮಾಡ್ತಾರೆ ಅಂದ್ಕೊಂಡಿದ್ದೆ. ಒಂದೇ ಒಂದು ರಾತ್ರಿ ಅಮ್ಮನ ಪಕ್ಕ ಮಲಗಿದ್ದು, ಬೆಳಗಾಗೋಷ್ಟರಲ್ಲಿ ಅತ್ತಿಗೆ ಕಾಲು ಹಿಡಿಯೋಂಗಾಯ್ತು. ವಿವರಿಸೋಕೆ ಹೋಗ್ಬೇಡಿ, ಕರೆಸಿ. ಗಂಡನಿಗೂ ವಾರಕ್ಕೆ ಎರಡು ರಾತ್ರಿ ಒಪ್ಪಿಸಿ, ಅವರ ತಾಯಿನೇ ತಾನೆ.

ಸಿದ್ದಾಪುರದ ಸೊಸೆ:
ಓದಿ ಓದಿ ಅತ್ತುಬಿಟ್ಟೆ. ಯೂರಿನ್ ಟೆಸ್ಟ್ ಕೊಟ್ಟು ಬಂದ್ವಿ, ಇನ್ಫೆಕ್ಷನ್ ಇತ್ತು, ಮಾತ್ರೆ ಶುರು ಆಗಿದೆ. ಸೋಡಿಯಂ ರಿಪೋರ್ಟ್ ನಾಳೆ. ನಾದಿನಿ ಶನಿವಾರ ಬರ್ತಾಳೆ, ಎರಡು ರಾತ್ರಿ ಅವಳೇ ಪಕ್ಕದಲ್ಲಿ ಮಲಗ್ತಾಳಂತೆ. ನಿನ್ನೆ ರಾತ್ರಿ ಹಾಜರಿ ಬುಕ್ ಕೊಟ್ಟೆ ಅಣ್ಣ. ಹನ್ನೊಂದು ಹೆಸರು ಹೇಳಿದ್ರು, ಅದರಲ್ಲಿ ಎಷ್ಟೋ ಜನ ತೀರ್ಕೊಂಡು ಎಷ್ಟೋ ವರ್ಷ ಆಗಿದೆ. ಹನ್ನೆರಡನೇದು ನನ್ನ ಹೆಸರು ಹೇಳಿ "ಇವಳಿಗೆ ಇವತ್ತು ರಜೆ ಹಾಕು" ಅಂದು ಮಲಗಿದ್ರು.