‘ಥರ್ಡ್ ಪಾರ್ಟಿ ಎಫೆಕ್ಟ್’ಗೆ ಕನ್ನಡದಲ್ಲಿ ಏನನ್ನೋಣ? ನಾಳೆ ಪ್ರಿಂಟಿಗೆ ಹೋಗಬೇಕು

ತುಮಕೂರಿನಿಂದ:
ನಮಸ್ಕಾರ. ಮದುವೆ ವಿಡಿಯೊ ಎಡಿಟ್ ಮಾಡುವ ಇಲ್ಲಿನ ಹುಡುಗರಿಗೆ ನ್ಯಾಟ್ರಾನ್ ಕಲಿಸಲು ಕೈಪಿಡಿ ಮಾಡುತ್ತಿದ್ದೇನೆ. ವಿಡಿಯೊಗೆ ಎಫೆಕ್ಟ್ ಹಾಕಲು, ದೃಶ್ಯಗಳನ್ನು ಒಂದರ ಮೇಲೊಂದು ಕೂಡಿಸಲು ಬಳಸುವ, ಲಿನಕ್ಸ್, ವಿಂಡೋಸ್, ಮ್ಯಾಕ್ ಮೂರರಲ್ಲೂ ನಡೆಯುವ ಮುಕ್ತ ತಂತ್ರಾಂಶ ಅದು. ಬೇರೆಯವರು ಬರೆದ ಓಪನ್‌ಎಫ್‌ಎಕ್ಸ್ ಪ್ಲಗಿನ್‌ಗಳನ್ನು, ಅಂದರೆ ಓಪನ್‌ಎಫ್‌ಎಕ್ಸ್ ಎಂಬ ಮುಕ್ತ ಮಾನದಂಡಕ್ಕೆ ಹೊಂದುವ ಎಫೆಕ್ಟ್ ತುಣುಕುಗಳನ್ನು, ಅದಕ್ಕೆ ಸೇರಿಸಬಹುದು. ಆ ಅಧ್ಯಾಯಕ್ಕೆ ತಲೆಬರಹ ಬೇಕು. ‘ತೃತೀಯ ಪಕ್ಷದ ಪರಿಣಾಮಗಳು’ ಅಂದರೆ ನಡೆಯುತ್ತಾ?

ಚಿಂತಾಮಣಿಯಿಂದ:
ನಡೆಯಲ್ಲ. ತೃತೀಯ, ಪಕ್ಷ, ಪರಿಣಾಮ ಮೂರೂ ಸಂಸ್ಕೃತ. ‘ಹೊರಗಿನವರ ಮೆರುಗು’ ಅನ್ನಿ. ಪ್ಲಗಿನ್‌ಗೆ ‘ಸೇರಿಕೆ’. ಕನ್ನಡದ ಬೇರಿನಿಂದಲೇ ಪದ ಹುಟ್ಟಬೇಕು.

ಮಾಲೂರಿನಿಂದ:
‘ಹೊರಗಿನವರ’ ಸರಿ. ನಮ್ಮ ವ್ಯಾಕರಣದಲ್ಲಿ ‘ಅವನು’ ಪ್ರಥಮ ಪುರುಷ, ಇಲ್ಲವೇ ಅನ್ಯ ಪುರುಷ. ಇಂಗ್ಲಿಷ್‌ನ ‘ಥರ್ಡ್ ಪರ್ಸನ್’ನಂತೆ ಅವನನ್ನು ಮೂರನೆಯವನು ಎಂದು ಎಣಿಸುವ ಪದ್ಧತಿ ಅಲ್ಲಿಲ್ಲ.

‘ಮೆರುಗು’ ಮಾತ್ರ ತಪ್ಪು. ಮೆರುಗು ಅಂದರೆ ಹೊಳಪು. ಬ್ಲರ್ ಚಿತ್ರವನ್ನು ಮಸುಕು ಮಾಡುತ್ತದೆ. ಕ್ರೋಮಾ ಕೀ ಹಿಂದಿನ ಹಸಿರು ಪರದೆಯನ್ನು ಅಳಿಸುತ್ತದೆ. ಹೊಳಪು ಎಲ್ಲಿ ಬಂತು? ‘ಪರಿಣಾಮ’ವೂ ಬೇಡ. ಸಂಸ್ಕೃತ ಅಂತಲ್ಲ, ಕೆಲಸ ಆದಮೇಲೆ ಸಿಗುವುದು ಪರಿಣಾಮ. ನ್ಯಾಟ್ರಾನ್‌ನಲ್ಲಿ ಎಫೆಕ್ಟ್ ಅನ್ನುವುದು ಆ ಕೆಲಸ ಮಾಡುವ ನೋಡ್, ಅಂದರೆ ಪರದೆಯ ಮೇಲೆ ಕಾಣುವ ಒಂದು ಚೌಕ. ತಂತಿ ಎಳೆದು ಜೋಡಿಸುತ್ತೇವೆ, ಅದರ ಅಳತೆ ಬದಲಿಸುತ್ತೇವೆ. ಸ್ಟುಡಿಯೊದವರು ‘ಎಫೆಕ್ಟ್ ಹಾಕು’ ಅಂತಾರೆ. ಎಫೆಕ್ಟನ್ನು, ಎಫೆಕ್ಟಿಗೆ ಎಂದು ವಿಭಕ್ತಿ ಹತ್ತಿಕೊಂಡಿದೆ. ಇನ್ನು ಅದು ಕನ್ನಡದ್ದೇ.

ಇನ್ನೊಂದು. ನ್ಯಾಟ್ರಾನ್ ಜೊತೆಗೇ ಬರುವ ಬ್ಲರ್ ಕೂಡ ಓಪನ್‌ಎಫ್‌ಎಕ್ಸ್ ಪ್ಲಗಿನ್ನೇ. ಹಾಗಾಗಿ ಬರೀ ‘ಪ್ಲಗಿನ್’ ಅಥವಾ ‘ಸೇರಿಕೆ’ ಅಂದರೆ ಹೊರಗಿನದು ಎಂದಾಗುವುದಿಲ್ಲ. ‘ಹೊರಗಿನವರ’ ಎಂಬ ಮಾತು ಇರಲೇಬೇಕು.

ಚಿಂತಾಮಣಿಯಿಂದ:
ಒಪ್ಪಲ್ಲ. ಇವತ್ತು ಎಫೆಕ್ಟ್ ಬಿಟ್ಟರೆ ನಾಳೆ ಲೇಯರ್, ಮಾಸ್ಕ್ ಕೂಡ ಹಾಗೇ ಉಳಿಯುತ್ತವೆ. ‘ಪದರ’ ಇದೆ, ‘ಮುಸುಕು’ ಇದೆ. ಸ್ಟುಡಿಯೊ ಮಾತು ಪದಕೋಶಕ್ಕೆ ಆಧಾರವಲ್ಲ.

ಮಾಲೂರಿನಿಂದ:
ಪದರ, ಮುಸುಕು ಎರಡೂ ಚೆನ್ನಾಗಿವೆ, ಖಂಡಿತ ಬಳಸೋಣ. ಆದರೆ ಜಿಲ್ಲೆ, ತಾಲ್ಲೂಕು, ಅರ್ಜಿ ಮೂರರ ಮೂಲವೂ ಅರಬ್ಬಿ. ಅವನ್ನು ಕನ್ನಡ ಮಾಡಿದ್ದು ಆಡುವವರ ಬಾಯಿ. ಪದಕೋಶ ಆಮೇಲೆ ಬಂತು. ಒಳ್ಳೆಯ ಪದ ಇದ್ದಲ್ಲಿ ಹಟ ಹಿಡಿಯೋಣ, ಇಲ್ಲದಲ್ಲಿ ಸುಮ್ನೆ ಕಟ್ಟುವುದು ಬೇಡ.

ತುಮಕೂರಿನವರಿಗೆ: ತಲೆಬರಹ ‘ಹೊರಗಿನವರ ಎಫೆಕ್ಟ್ ಸೇರಿಸುವುದು’ ಎಂದಿರಲಿ. ಪ್ಲಗಿನ್ ಇಡುವ ಫೋಲ್ಡರ್‌ಗಳ ಹೆಸರುಗಳನ್ನು ಮಾತ್ರ ಮುಟ್ಟಬೇಡಿ, ಪರದೆಯ ಮೇಲೆ ಕಂಡಂತೆಯೇ ಬರೆಯಿರಿ. ವಿಂಡೋಸ್‌ನಲ್ಲಿ ಪ್ರೋಗ್ರಾಂ ಫೈಲ್ಸ್ ಒಳಗೆ ಕಾಮನ್ ಫೈಲ್ಸ್, ಅದರಲ್ಲಿ ಓಎಫ್‌ಎಕ್ಸ್, ಅದರಲ್ಲಿ ಪ್ಲಗಿನ್ಸ್. ನ್ಯಾಟ್ರಾನ್ ಲಿನಕ್ಸ್, ವಿಂಡೋಸ್, ಮ್ಯಾಕ್ ಮೂರರಲ್ಲೂ ನಡೆಯುತ್ತದೆ ಅಂತ ಪ್ಲಗಿನ್ನೂ ನಡೆಯಬೇಕೆಂದಿಲ್ಲ. ವಿಂಡೋಸ್‌ಗೆ ಮಾತ್ರ ಕಟ್ಟಿದ್ದು ಲಿನಕ್ಸ್‌ನಲ್ಲಿ ತೆರೆಯುವುದಿಲ್ಲ. ಇದನ್ನು ದಪ್ಪ ಅಕ್ಷರದಲ್ಲಿ ಹಾಕಿ. ಪ್ಲಗಿನ್ ಇಟ್ಟ ಮೇಲೆ ನ್ಯಾಟ್ರಾನ್ ಮುಚ್ಚಿ ಮತ್ತೆ ತೆರೆಯಲು ಹೇಳಿ. ಹೊಸದನ್ನು ಅದು ಹುಡುಕುವುದು ಶುರುವಾಗುವಾಗ.