ಭಾನುವಾರ ಬಿಟ್ಟರೆ ವೇಲ್ಸ್‌ನ ಹಳ್ಳಿ ಪಾದ್ರಿಗಳು ವಾರವೆಲ್ಲ ಏನು ಮಾಡುತ್ತಿದ್ದರು?

ಕಾವೇರಿ_ವೇಲ್ಸ್:

ಎಲ್ಲರಿಗೂ ನಮಸ್ಕಾರ. ನಾವು ಬ್ರೆಕನ್ ಹತ್ತಿರದ ಒಂದು ಹಳ್ಳಿಯಲ್ಲಿ ಬಾಡಿಗೆಗೆ ಇದ್ದೇವೆ. ಮನೆಯ ಹೆಸರು ಓಲ್ಡ್ ವಿಕರೇಜ್. ಹಿಂದೆ ಊರಿನ ಪಾದ್ರಿಗಳು ಇರುತ್ತಿದ್ದ ಮನೆ. ಚರ್ಚಿನವರು ಮಾರಿ ಎಷ್ಟೋ ಕಾಲವಾಯಿತಂತೆ. ದಪ್ಪ ಕಲ್ಲಿನ ಗೋಡೆ, ಕೋಣೆಗೊಂದು ಅಗ್ಗಿಷ್ಟಿಕೆ, ಹಿತ್ತಲಲ್ಲಿ ಕುದುರೆ ಲಾಯ. ಇರುವುದು ನಾವು ಮೂರೇ ಜನ. ಚಳಿ ಬಂತೆಂದರೆ ಮೇಲಿನ ಕೋಣೆಗಳಿಗೆಲ್ಲ ಬಾಗಿಲು ಹಾಕಿ ಅಡುಗೆಮನೆಯಲ್ಲೇ ಸಂಸಾರ. ಹೀಟಿಂಗ್ ಬಿಲ್ಲಿನ ವಿಷಯ ಕೇಳಲೇಬೇಡಿ.

ಒಬ್ಬ ಹಳ್ಳಿ ಪಾದ್ರಿಗೆ ಇಷ್ಟು ದೊಡ್ಡ ಮನೆ ಯಾಕೆ? ದುಡ್ಡು ಎಲ್ಲಿಂದ ಬರುತ್ತಿತ್ತು? ಭಾನುವಾರದ ಪ್ರಾರ್ಥನೆ, ಮದುವೆ, ಸಾವು ಬಿಟ್ಟರೆ ಉಳಿದ ದಿನ ಏನು ಮಾಡುತ್ತಿದ್ದರು? ಅವರ ಡೈರಿ, ಪತ್ರಗಳು ಏನಾದರೂ ಉಳಿದಿವೆಯಾ? ಪಕ್ಕದ ಮನೆಯ ಅಜ್ಜಿ ‘ಕಿಲ್ವರ್ಟ್ ಡೈರಿ ಓದಮ್ಮ, ಎಲ್ಲ ಅದರಲ್ಲಿದೆ’ ಅಂದರು. ಅದೊಂದು ಸಾಕಾ?

ಪುಸ್ತಕದ_ಹುಳು:

ಅಜ್ಜಿ ಹೇಳಿದ್ದು ಸರಿ, ಅಲ್ಲಿಂದಲೇ ಶುರು ಮಾಡಿ. ಫ್ರಾನ್ಸಿಸ್ ಕಿಲ್ವರ್ಟ್ 1865ರಿಂದ 1872ರವರೆಗೆ ಕ್ಲೈರೋ ಎಂಬ ಹಳ್ಳಿಯಲ್ಲಿ ಕ್ಯೂರೇಟ್ ಆಗಿದ್ದ. ವಿಕರ್ ಅಂದರೆ ಊರಿನ ಚರ್ಚಿನ ಮುಖ್ಯ ಪಾದ್ರಿ, ಕ್ಯೂರೇಟ್ ಅಂದರೆ ಅವನ ಕೈಕೆಳಗಿನ ಪಾದ್ರಿ. ನಿಮ್ಮಿಂದ ದೂರವೇನಿಲ್ಲ, ಹೇ-ಆನ್-ವೈ ಪಕ್ಕದಲ್ಲೇ. ಈಗ ಓದಲು ಸಿಗುವ ಡೈರಿ 1870ರ ಜನವರಿಯಿಂದ ಶುರುವಾಗುತ್ತದೆ.

ವಾರವೆಲ್ಲ ಏನು ಮಾಡುತ್ತಿದ್ದ ಅಂದರೆ, ನಡೆಯುತ್ತಿದ್ದ. ಗುಡ್ಡ ಹತ್ತಿ ಇಳಿದು, ಕಾಯಿಲೆಯವರ ಮನೆ, ಮುದುಕರ ಮನೆ ಅಂತ ಸುತ್ತುವುದೇ ಕೆಲಸ. ಮಾರ್ಗನ್ ಎಂಬ ಮುದಿ ಸಿಪಾಯಿ ಇದ್ದ. ಸ್ಪೇನ್ ಕಡೆ ನೆಪೋಲಿಯನ್ ಸೈನ್ಯದ ವಿರುದ್ಧ ಕಾದಾಡಿದವನು. ಕಿಲ್ವರ್ಟ್ ಅವನ ಹಿತ್ತಲಲ್ಲಿ ಆಲೂಗಡ್ಡೆ ಅಗೆದುಕೊಡುತ್ತಾ ಯುದ್ಧದ ಕತೆ ಕೇಳುತ್ತಾನೆ. ಮಧ್ಯಾಹ್ನ ಅಲ್ಲಿ, ಸಂಜೆ ದೊಡ್ಡ ಮನೆಗಳಲ್ಲಿ ಕ್ರೋಕೆ ಆಟ, ಬಿಲ್ಲುಗಾರಿಕೆ, ಊಟ, ಡಾನ್ಸು. 1870ರ ಕ್ರಿಸ್‌ಮಸ್ ಬೆಳಿಗ್ಗೆ ಸ್ನಾನದ ತೊಟ್ಟಿಯಲ್ಲಿ ಕೂತರೆ ನೀರೆಲ್ಲ ಮಂಜುಗಡ್ಡೆ. ಅದು ಒಡೆದು ಚೂಪು ಚೂಪಾಗಿ ಸುತ್ತ ನಿಂತಿತಂತೆ. ಆದರೂ ಸ್ನಾನ ಮುಗಿಸಿ ಚರ್ಚಿಗೆ ಹೋದ! ಕಾವೇರಿ ಅವರೇ, ನಿಮ್ಮ ಹೀಟಿಂಗ್ ಬಿಲ್ಲು ಪುಣ್ಯದ ಬಿಲ್ಲು.

1872ರಲ್ಲಿ ಲ್ಯಾನ್‌ಬೆಡರ್ ಎಂಬಲ್ಲಿನ ಜಾನ್ ಪ್ರೈಸ್ ಎಂಬ ಪಾದ್ರಿಯನ್ನು ನೋಡಲು ಹೋಗುತ್ತಾನೆ. ಆತ ಒಂಟಿ. ಗುಡ್ಡದ ಮೇಲೆ ಗುಡಿಸಲಲ್ಲಿ ವಾಸ. ಒಳಗೆ ಪುಸ್ತಕ, ಬೂದಿ, ಕಸ ಎಲ್ಲ ಒಂದೇ ರಾಶಿ. ಕಿಲ್ವರ್ಟ್ ನಗುವುದಿಲ್ಲ, ಗೌರವದಿಂದಲೇ ಬರೆಯುತ್ತಾನೆ. ನನಗೆ ಡೈರಿಯಲ್ಲಿ ತುಂಬಾ ಹಿಡಿಸಿದ ಭಾಗ ಅದು. ಎಲ್ಲ ಹಿಡಿಸುತ್ತದೆ ಅಂತಲ್ಲ. ಚಿಕ್ಕ ಹುಡುಗಿಯರ ಬಗ್ಗೆ ಅವನು ಬರೆಯುವ ರೀತಿ ಇವತ್ತು ಓದಿದರೆ ಮುಜುಗರವಾಗುತ್ತದೆ. ಅದನ್ನು ಮುಚ್ಚಿಡಬಾರದು.

1879ರ ಆಗಸ್ಟ್‌ನಲ್ಲಿ ಮದುವೆಯಾದ. ಸೆಪ್ಟೆಂಬರ್‌ನಲ್ಲಿ ತೀರಿಹೋದ. ಮೂವತ್ತೆಂಟು ವರ್ಷ.

ನಿವೃತ್ತ_ಶಿರಸ್ತೇದಾರ:

ಕಾವೇರಿ ಅಮ್ಮಾ, ನಾನು ತಾಲ್ಲೂಕು ಕಚೇರಿಯಲ್ಲಿ ನೌಕರಿ ಮಾಡಿ ನಿವೃತ್ತನಾದವನು. ಮಗಳು ಸ್ವಾನ್ಸೀಯಲ್ಲಿ ಇದ್ದಾಳೆ. ಬೇಸಿಗೆಗೆ ಬಂದಾಗ ಮೊಮ್ಮಗ ಸ್ಕೂಲಿಗೆ ಹೋದರೆ ನನಗೆ ಮಾಡಲು ಕೆಲಸವಿಲ್ಲ. ಹಳೇ ಕಾಗದ ನೋಡುವ ಚಟ ಮೊದಲಿಂದಲೂ ಇತ್ತು, ಇಲ್ಲಿ ಪಾದ್ರಿಗಳ ಕಾಗದ ಸಿಕ್ಕಿತು.

ಕಿಲ್ವರ್ಟ್ ಬಗ್ಗೆ ನನ್ನದೊಂದು ತಕರಾರು ಇದೆ. ಅವನು ಇಂಗ್ಲೆಂಡಿನ ವಿಲ್ಟ್‌ಷೈರ್‌ನಲ್ಲಿ ಹುಟ್ಟಿದವನು. ಅಪ್ಪನೂ ಪಾದ್ರಿ. ಕ್ಲೈರೋ ಗಡಿ ಊರು, ಅಷ್ಟು ಹೊತ್ತಿಗೆ ಅಲ್ಲಿ ಇಂಗ್ಲಿಷೇ ಆಡುತ್ತಿದ್ದರು. ಬರವಣಿಗೆ ಚಂದ, ಆದರೆ ನಾಳೆ ಊಟಕ್ಕೆ ಏನು ಎಂಬ ಚಿಂತೆ ಆ ಡೈರಿಯಲ್ಲಿ ಇಲ್ಲ. ವೇಲ್ಸ್ ಪಾದ್ರಿಯ ಬದುಕು ಬೇಕೆಂದರೆ ಗೊರೊನ್ವಿ ಓವೆನ್ ಎಂಬಾತನ ಪತ್ರಗಳಿಗೆ ಬನ್ನಿ. ಇದಕ್ಕೂ ನೂರು ವರ್ಷ ಹಿಂದಿನ ಮಾತು.

1723ರಲ್ಲಿ ಆಂಗಲ್ಸೀ ದ್ವೀಪದಲ್ಲಿ ಹುಟ್ಟಿದ. ಅಪ್ಪ ಪಾತ್ರೆಗಳಿಗೆ ಬೆಸುಗೆ ಹಾಕಿ ಬದುಕುವವನು. ಹುಡುಗ ಓದಿ ಪಾದ್ರಿಯಾದ, ವೆಲ್ಷ್ ಭಾಷೆಯ ದೊಡ್ಡ ಕವಿಯೂ ಆದ. ಹುಟ್ಟಿದೂರಿನ ಚರ್ಚಿನಲ್ಲೇ ಕ್ಯೂರೇಟ್ ಕೆಲಸ ಸಿಕ್ಕಿತು. ಸುಮಾರು ಮೂರು ವಾರ ಅಷ್ಟೇ. ಬಿಷಪ್ಪರ ಕಡೆಯವರು ಅದನ್ನು ಬೇರೆಯವನಿಗೆ ಕೊಟ್ಟುಬಿಟ್ಟರು. ಇನಾಂ ಕಡತಗಳಲ್ಲಿ ಇಂಥ ಕೈಬದಲಾವಣೆ ಎಷ್ಟೋ ನೋಡಿದ್ದೇನೆ, ಆದರೂ ಓದುವಾಗ ಸಿಟ್ಟು ಬಂತು. ಮತ್ತೆಂದೂ ಆತನಿಗೆ ಊರಿಗೆ ಹಿಂತಿರುಗುವ ಯೋಗ ಬರಲಿಲ್ಲ. 1748ರಲ್ಲಿ ಗಡಿಯಾಚೆ, ಶ್ರೂಸ್‌ಬರಿ ಹತ್ತಿರ ಡಾನಿಂಗ್ಟನ್‌ಗೆ ಹೋದ. ಅಲ್ಲಿ ಶಾಲೆಯಲ್ಲಿ ಪಾಠವನ್ನೂ ಹೇಳಬೇಕು, ಚರ್ಚನ್ನೂ ನೋಡಿಕೊಳ್ಳಬೇಕು. ಎರಡಕ್ಕೂ ಸೇರಿ ವರ್ಷಕ್ಕೆ 26 ಪೌಂಡ್. ಹೆಂಡತಿ, ಮಕ್ಕಳು ಇದ್ದ ಸಂಸಾರ. ತನ್ನ ಅತಿ ಒಳ್ಳೆಯ ಪದ್ಯಗಳಲ್ಲಿ ಕೆಲವನ್ನು ಬರೆದಿದ್ದೂ ಅಲ್ಲಿದ್ದಾಗಲೇ.

ಪತ್ರ ಬರೆದದ್ದು ಹೆಚ್ಚಾಗಿ ಮಾರಿಸ್ ಅಣ್ಣತಮ್ಮಂದಿರಿಗೆ. ಲೂಯಿಸ್, ರಿಚರ್ಡ್, ವಿಲಿಯಂ. ರಿಚರ್ಡ್ ಲಂಡನ್ನಿನಲ್ಲಿ ನೌಕಾ ಇಲಾಖೆಯ ಗುಮಾಸ್ತ, ವಿಲಿಯಂ ಹಾಲಿಹೆಡ್ ಬಂದರಿನಲ್ಲಿ ಕಸ್ಟಮ್ಸ್‌ನವನು. ನಮ್ಮಂಥ ಸರ್ಕಾರಿ ನೌಕರರು ನೋಡಿ! ಒಂದೇ ಪತ್ರದಲ್ಲಿ ಛಂದಸ್ಸಿನ ಚರ್ಚೆ, ಸಾಲದ ಕತೆ, ವೇಲ್ಸ್‌ನಲ್ಲಿ ಎಲ್ಲಾದರೂ ಒಂದು ಚರ್ಚು ಕೊಡಿಸಿ ಎಂಬ ಬೇಡಿಕೆ. ಆತ ಕುಡಿಯುತ್ತಾನೆ, ದುಡ್ಡು ನಿಲ್ಲಿಸಿಕೊಳ್ಳುವುದಿಲ್ಲ ಅಂತ ಮಾರಿಸ್‌ಗಳು ತಮ್ಮತಮ್ಮಲ್ಲಿ ಬೈದುಕೊಂಡು ಬರೆದ ಪತ್ರಗಳೂ ಉಳಿದಿವೆ. ಹಾಗಾಗಿ ಒಂದೇ ಸಂಸಾರವನ್ನು ಎರಡು ಕಡೆಯಿಂದ ನೋಡಬಹುದು. ಡೈರಿಯಲ್ಲಿ ಇದು ಸಿಗುವುದಿಲ್ಲ, ಅಲ್ವಾ?

ಲಿವರ್‌ಪೂಲ್ ಹತ್ತಿರದ ವಾಲ್ಟನ್‌ನಲ್ಲಿ ಪುಟ್ಟ ಮಗಳು ಎಲಿನ್ ಸತ್ತಳು. ಅವಳ ಮೇಲೆ ಪದ್ಯ ಬರೆದ. ಕೊನೆಗೆ 1757ರಲ್ಲಿ ಅಮೆರಿಕದ ವರ್ಜೀನಿಯಾಕ್ಕೆ ಹಡಗು ಹತ್ತಿದ, ಕಾಲೇಜಿಗೆ ಸೇರಿದ ಶಾಲೆಯ ಮೇಷ್ಟ್ರಾಗಲು. ದಾರಿಯಲ್ಲೇ ಹೆಂಡತಿಯೂ ಒಂದು ಕೂಸೂ ಹೋದರು. ಲೂಯಿಸ್ ಮಾರಿಸ್ 1765ರಲ್ಲಿ ತೀರಿಕೊಂಡ ಸುದ್ದಿ ಈತನಿಗೆ ಮುಟ್ಟಿದ್ದು ಎರಡು ವರ್ಷ ಕಳೆದು. ಆಗ ಬರೆದ ಶೋಕಗೀತೆಯನ್ನು ಪತ್ರದ ಜೊತೆ ರಿಚರ್ಡ್‌ಗೆ ಕಳಿಸಿದ. 1769ರಲ್ಲಿ ಅಲ್ಲೇ ಸತ್ತ.

ಈಗ ಕಾಗದ ಉಳಿಯುವ ವಿಷಯ. ಕಿಲ್ವರ್ಟ್ ಡೈರಿ 22 ನೋಟ್‌ಬುಕ್ ಇದ್ದವು. 1938ರಿಂದ 1940ರವರೆಗೆ ಅದರಿಂದ ಆಯ್ದ ಭಾಗ ಮೂರು ಸಂಪುಟದಲ್ಲಿ ಅಚ್ಚಾಯಿತು. ಆಮೇಲೆ ಮನೆಯವರೇ, ಒಬ್ಬ ಸಂಬಂಧಿಕ ಮುದುಕಿ, ಹೆಚ್ಚಿನದನ್ನು ನಾಶ ಮಾಡಿದರು. ಉಳಿದದ್ದು ಮೂರು. ಇತ್ತ ಗೊರೊನ್ವಿ ಹತ್ತಿರ ಏನೂ ನಿಲ್ಲುತ್ತಿರಲಿಲ್ಲ, ಆದರೆ ಪತ್ರ ಪಡೆದ ಗುಮಾಸ್ತರು ಜೋಪಾನ ಮಾಡಿದರು. ಇನ್ನೊಬ್ಬ ಇದ್ದ, ಇವಾನ್ ಇವಾನ್ಸ್ ಅಂತ. ಬದುಕೆಲ್ಲ ಊರಿಂದೂರಿಗೆ ಅಲೆದ ಕ್ಯೂರೇಟ್, ಸ್ವಂತ ಚರ್ಚು ಸಿಗಲೇ ಇಲ್ಲ. ಶ್ರೀಮಂತರ ಮನೆಯ ಹಳೇ ವೆಲ್ಷ್ ಹಸ್ತಪ್ರತಿಗಳನ್ನು ಹುಡುಕಿ ಕೈಯಲ್ಲೇ ನಕಲು ಮಾಡುತ್ತಿದ್ದ. ಕೊನೆಗಾಲದಲ್ಲಿ ಆಂಗಲ್ಸೀಯ ಪಾಲ್ ಪ್ಯಾಂಟನ್ ಎಂಬ ಜಮೀನ್ದಾರ ವರ್ಷಕ್ಕೆ 20 ಪೌಂಡ್ ಕೊಡುತ್ತೇನೆ, ನೀನು ಸತ್ತ ಮೇಲೆ ಕಾಗದವೆಲ್ಲ ನನಗೆ ಅಂತ ಒಪ್ಪಂದ ಮಾಡಿಕೊಂಡ. ವ್ಯಾಪಾರವೇ ಅನ್ನಿ. ಆದರೆ ಆ ವ್ಯಾಪಾರದಿಂದಲೇ ಅವು ಇವತ್ತು ಅಬೆರಿಸ್ಟ್‌ವಿತ್‌ನ ರಾಷ್ಟ್ರೀಯ ಗ್ರಂಥಾಲಯದಲ್ಲಿ ಇವೆ. ಸ್ವಂತ ಮನೆಯವರನ್ನು ನಂಬಿದ ಕಾಗದಕ್ಕಿಂತ ಹೊರಗಿನವರ ಕೈಗೆ ಹೋದ ಕಾಗದವೇ ಜಾಸ್ತಿ ಉಳಿದಿದೆ ಅಂತ ನನಗೆ ಅನ್ನಿಸುತ್ತದೆ.

ಕಾವೇರಿ_ವೇಲ್ಸ್:

ಸರ್, ಓದಿ ಸುಮ್ನೆ ಕೂತುಬಿಟ್ಟೆ. 26 ಪೌಂಡ್‌ನಲ್ಲಿ ಇಂಥ ಮನೆ ಕಟ್ಟೋಕಂತೂ ಆಗಲ್ಲ. ಹಾಗಾದರೆ ಈ ಮನೆಯವರು ಯಾರು? ಮತ್ತೆ, ಜನ ಆಡುವುದು ವೆಲ್ಷ್, ಪಾದ್ರಿ ಇಂಗ್ಲಿಷಿನವನು ಅಂದರೆ ಹೇಗೆ ನಡೆಯುತ್ತಿತ್ತು?

ನಿವೃತ್ತ_ಶಿರಸ್ತೇದಾರ:

ಹೇಗೆ ನಡೆಯುತ್ತಿತ್ತು ಅನ್ನುವುದಕ್ಕೆ ಕೋರ್ಟು ಕೇಸೇ ಇದೆ. 1766ರಲ್ಲಿ ಆಂಗಲ್ಸೀಯ ಎರಡು ಚರ್ಚಿಗೆ ಥಾಮಸ್ ಬೌಲ್ಸ್ ಎಂಬ ಎಪ್ಪತ್ತು ದಾಟಿದ ಇಂಗ್ಲಿಷ್ ಪಾದ್ರಿಯನ್ನು ಹಾಕಿದರು. ಊರಲ್ಲಿ ಸುಮಾರು 500 ಜನ. ಇಂಗ್ಲಿಷ್ ಬರುತ್ತಿದ್ದದ್ದು ಐದೇ ಜನಕ್ಕೆ. ಜನ ಬಿಡಲಿಲ್ಲ, ಲಂಡನ್‌ವರೆಗೂ ಕೇಸು ನಡೆಸಿದರು. 1773ರಲ್ಲಿ ತೀರ್ಪು ಬಂತು. ವೆಲ್ಷ್ ಜನರಿಗೆ ವೆಲ್ಷ್ ಬಲ್ಲ ಪಾದ್ರಿಯೇ ಬೇಕು, ಒಪ್ಪಿದೆವು. ಆದರೆ ಒಮ್ಮೆ ನೇಮಕವಾದವನನ್ನು ತೆಗೆಯಲು ಆಗುವುದಿಲ್ಲ! ನಮ್ಮ ಕಚೇರಿಯಲ್ಲೂ ಇಂಥ ಆದೇಶ ಕಂಡಿದ್ದೇನೆ. ಆತ ಅದೇ ವರ್ಷ ತೀರಿಕೊಂಡ, ವಿಷಯ ತಾನಾಗಿ ಮುಗಿಯಿತು.

ಹಣದ ವಿಷಯ. ಚರ್ಚಿಗೆ ಎರಡು ಮೂಲ. ಒಂದು ಗ್ಲೀಬ್, ಅಂದರೆ ಚರ್ಚಿನ ಜಮೀನು, ನಮ್ಮ ದೇವಸ್ಥಾನದ ಇನಾಂ ಜಮೀನಿದ್ದ ಹಾಗೆ. ಇನ್ನೊಂದು ಟೈದ್, ಊರಿನ ಬೆಳೆಯಲ್ಲಿ ಹತ್ತರಲ್ಲೊಂದು ಪಾಲು. ಧಾನ್ಯ, ಉಣ್ಣೆ, ಕುರಿಮರಿ, ಈಸ್ಟರ್ ಸಮಯಕ್ಕೆ ಮೊಟ್ಟೆ ಕೂಡ. 1836ರ ಕಾಯ್ದೆ ಬಂದ ಮೇಲೆ ಅದು ನಗದಾಯಿತು. ಆದರೆ ವೇಲ್ಸ್‌ನಲ್ಲಿ ಎಷ್ಟೋ ಕಡೆ ಟೈದ್‌ನ ದೊಡ್ಡ ಪಾಲು ಜಮೀನ್ದಾರರಿಗೋ ಬಿಷಪ್ಪರಿಗೋ ಹೋಗುತ್ತಿತ್ತು. ಊರಲ್ಲಿದ್ದು ದುಡಿಯುವ ಕ್ಯೂರೇಟ್‌ಗೆ ಉಳಿದದ್ದು. ವಿಕರ್ ಬೇರೆ, ಕ್ಯೂರೇಟ್ ಬೇರೆ ಎಂಬುದನ್ನು ಮರೆಯಬೇಡಿ. ನಿಮ್ಮ ಮನೆಯಲ್ಲಿ ಇದ್ದವರು ವಿಕರ್. ಹೆಂಡತಿ, ಮಕ್ಕಳು, ಅಡುಗೆಯವಳು, ಕುದುರೆ ಆಳು ಎಲ್ಲ ಸೇರಿದರೆ ಆ ಕೋಣೆಗಳು ಭರ್ತಿ.

ಶಿಲ್ಲಾಂಗ್_ರಿಟರ್ನ್:

ನಡುವೆ ಬಾಯಿ ಹಾಕುತ್ತಿದ್ದೇನೆ. ಇಲ್ಲಿ ಎಲ್ಲರೂ ಆಂಗ್ಲಿಕನ್ ಚರ್ಚಿನವರ ಬಗ್ಗೆಯೇ ಮಾತಾಡುತ್ತಿದ್ದೀರಿ. 1851ರಲ್ಲಿ ಎಣಿಕೆ ಮಾಡಿದಾಗ ವೇಲ್ಸ್‌ನಲ್ಲಿ ಪ್ರಾರ್ಥನೆಗೆ ಬಂದ ಹತ್ತರಲ್ಲಿ ಎಂಟು ಮಂದಿ ಹೋಗಿದ್ದದ್ದು ಚಾಪೆಲ್‌ಗಳಿಗೆ, ಅಂದರೆ ಆಂಗ್ಲಿಕನ್ ಅಲ್ಲದ ಪಂಗಡಗಳ ಪ್ರಾರ್ಥನಾ ಮನೆಗಳಿಗೆ. ಮೆಥಡಿಸ್ಟ್, ಬ್ಯಾಪ್ಟಿಸ್ಟ್ ಇತ್ಯಾದಿ. ಅವರ ಬೋಧಕರಿಗೆ ಟೈದ್ ಇಲ್ಲ. ಉಲ್ಟಾ, ಚಾಪೆಲ್‌ಗೆ ಹೋಗುವ ರೈತನೂ ಆಂಗ್ಲಿಕನ್ ಚರ್ಚಿಗೆ ಟೈದ್ ಕಟ್ಟಬೇಕಿತ್ತು. 1880ರ ದಶಕದಲ್ಲಿ ಅದಕ್ಕೇ ಗಲಾಟೆಗಳಾದವು, ದನಕರು ಜಪ್ತಿಗೆ ಪೊಲೀಸರು ಬಂದರು.

ನಾನು ಕೆಲಸದ ಮೇಲೆ ಶಿಲ್ಲಾಂಗ್‌ನಲ್ಲಿದ್ದೆ. ಅಲ್ಲಿ ಥಾಮಸ್ ಜೋನ್ಸ್ ಹೆಸರು ಮಕ್ಕಳಿಗೂ ಗೊತ್ತು. ವೇಲ್ಸ್‌ನ ಮೆಥಡಿಸ್ಟ್ ಬೋಧಕ, 1841ರಲ್ಲಿ ಚೆರ್ರಾಪುಂಜಿಗೆ ಬಂದ. ಖಾಸಿ ಭಾಷೆಯನ್ನು ರೋಮನ್ ಲಿಪಿಯಲ್ಲಿ ಬರೆಯುವ ಕ್ರಮ ಹಾಕಿಕೊಟ್ಟವನು. ಮರಗೆಲಸವೂ ಗೊತ್ತಿತ್ತು. ಆಮೇಲೆ ಮಿಷನ್ನಿನವರ ಜೊತೆಯೇ ಜಗಳ, ಹೊರಗೆ ಹಾಕಿದರು. 1849ರಲ್ಲಿ ಕಲ್ಕತ್ತಾದಲ್ಲಿ ತೀರಿಕೊಂಡ. ಆ ಮಿಷನ್ನಿನ ಕಾಗದಪತ್ರ ಇರುವುದೂ ಅಬೆರಿಸ್ಟ್‌ವಿತ್‌ನಲ್ಲೇ. ಮಳೆಯ ಬಗ್ಗೆ ದೂರುವ ವೇಲ್ಸ್ ಜನ ಚೆರ್ರಾಪುಂಜಿಗೆ ಹೋಗಿ ಏನು ಬರೆದಿರಬಹುದು ಊಹಿಸಿ.

ಕಾವೇರಿ_ವೇಲ್ಸ್:

1881ರ ಸೆನ್ಸಸ್ ತೆಗೆದು ನೋಡಿದೆ. ಮನೆಯಲ್ಲಿ ವಿಕರ್, ಹೆಂಡತಿ, ಐದು ಮಕ್ಕಳು, ಅತ್ತೆ, ಮೂರು ಆಳುಗಳು. ಹನ್ನೊಂದು ಜನ! ಶಿರಸ್ತೇದಾರ್ ಸರ್, ನೀವು ಹೇಳಿದ್ದು ಸರಿಯಾಗಿದೆ. ಈ ಮನೆ ಕಟ್ಟಿದ ಕಾಗದ ಏನಾದರೂ ಸಿಗುತ್ತಾ?

ನಿವೃತ್ತ_ಶಿರಸ್ತೇದಾರ:

ಸಿಗುವ ಸಾಧ್ಯತೆ ಇದೆ. 1776ರಲ್ಲಿ ಗಿಲ್ಬರ್ಟ್ ಕಾಯ್ದೆ ಅಂತ ಬಂತು. ಪಾದ್ರಿ ತನ್ನ ಚರ್ಚಿನ ವರಮಾನವನ್ನೇ ಅಡ ಇಟ್ಟು ಮನೆ ಕಟ್ಟಲು ಸಾಲ ತೆಗೆಯಬಹುದು. ಮುಂದೆ ಬರುವ ಪಾದ್ರಿಗಳು ತೀರಿಸುತ್ತಾ ಹೋಗಬೇಕು. ಸಾಲದ ಅರ್ಜಿ ಅಂದರೆ ಜೊತೆಗೆ ನಕ್ಷೆ, ಖರ್ಚಿನ ಅಂದಾಜು ಎಲ್ಲ ಇರಲೇಬೇಕಲ್ಲ. ಇಂಥವು ಬಿಷಪ್ಪರ ಕಚೇರಿಯ ಕಡತಕ್ಕೆ ಸೇರುತ್ತಿದ್ದವು. ನಿಮ್ಮ ಕಡೆಯದು ಆಗ ಸೇಂಟ್ ಡೇವಿಡ್ಸ್ ಬಿಷಪ್ಪರ ವ್ಯಾಪ್ತಿ. ಆ ಕಡತಗಳು ರಾಷ್ಟ್ರೀಯ ಗ್ರಂಥಾಲಯದಲ್ಲಿವೆ. ಟೆರಿಯರ್ ಎಂಬುದನ್ನೂ ಕೇಳಿ. ಅದು ಪಕ್ಕಾ ಪಹಣಿ. ಚರ್ಚಿನ ಜಮೀನಿನ ಚಕ್ಕುಬಂದಿ, ಮನೆಗೆ ಎಷ್ಟು ಕೋಣೆ, ಮಾಡಿಗೆ ಹುಲ್ಲೋ ಕಲ್ಲುಹಲಗೆಯೋ, ಗಂಟೆ ಎಷ್ಟು, ಬೆಳ್ಳಿ ಬಟ್ಟಲು ಎಷ್ಟು, ಕೆಳಗೆ ಪಾದ್ರಿಯ ಸಹಿ.

ಹೋಗುವ ಮುಂಚೆ ಪ್ಯಾರಿಷ್ ಹೆಸರು ಹಾಕಿ ಆನ್‌ಲೈನ್ ಕ್ಯಾಟಲಾಗ್ ನೋಡಿ. ಹಳೇ ವೆಲ್ಷ್ ಪತ್ರಿಕೆಗಳೂ ಅವರ ಸೈಟಿನಲ್ಲಿ ಉಚಿತ, ವಿಕರ್ ಹೆಸರು ಹಾಕಿ ಹುಡುಕಿ. ಹೂವಿನ ಪ್ರದರ್ಶನದಲ್ಲಿ ಬಹುಮಾನ ಕೊಟ್ಟಿದ್ದಾದರೂ ಸಿಗುತ್ತದೆ. ರೀಡರ್ಸ್ ಟಿಕೆಟ್‌ಗೆ ವಿಳಾಸದ ಪುರಾವೆ ಒಯ್ಯಿರಿ. ಪೆನ್ನು ಬೇಡ, ಪೆನ್ಸಿಲ್ ಸಾಕು. ನಕ್ಷೆ ಸಿಕ್ಕರೆ ಇಲ್ಲಿ ಹಾಕಿ, ಅಡುಗೆಮನೆ ಎಲ್ಲಿತ್ತು ನೋಡೋಣ.